ಲೈನು: ಕಾಫಿ ಸೀಮೆಯಲ್ಲಿ ಒಂದು ಪದ, ಹಲವು ಅರ್ಥ

‘ಲೈನ್ ಹೊಡೀತಿದ್ದಾರೆ’ ಎಂದರೆ ತೋಟದಲ್ಲಿ ಗಿಡದ ಗುಂಡಿಗೆ ಗುರುತು ಹಾಕುತ್ತಿದ್ದಾರೆ. ‘ಲೈನಿಗೆ ಹೋಗಿದ್ದಾರೆ’ ಎಂದರೆ ಕೆಲಸಗಾರರ ಸಾಲುಮನೆಗಳ ಕಡೆ ಹೋಗಿದ್ದಾರೆ. ‘ಲೈನ್ ಬಂತು’ ಎಂದರೆ ಕರೆಂಟು ಬಂತು. ‘ಲೈನ್ ಬದಲಾಯಿಸಿ’ ಎಂದರೆ ಸ್ಪ್ರಿಂಕ್ಲರ್ ಪೈಪುಗಳನ್ನು ಮುಂದಿನ ಜಾಗಕ್ಕೆ ಸರಿಸಬೇಕು. ‘ಲೈನಲ್ಲಿರಿ’ ಎಂದರೆ ಫೋನ್ ಇಡಬೇಡಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ, ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಿಂದ ಬಣಕಲ್, ಬಾಳೂರು, ಕಳಸದವರೆಗಿನ ತೋಟಗಳಲ್ಲಿ ಈ ಐದೂ ಮಾತು ಒಂದೇ ಬೆಳಿಗ್ಗೆ ಒಬ್ಬನೇ ಮೇಸ್ತ್ರಿಯ ಬಾಯಲ್ಲಿ ಬರಬಹುದು. ಹುಟ್ಟಿ ಬೆಳೆದವರಿಗೆ ಗೊಂದಲವಿಲ್ಲ. ಹೊಸದಾಗಿ ಬಂದ ಶಿಕ್ಷಕರು, ಬ್ಯಾಂಕಿನವರು, ಆರೋಗ್ಯ ಕಾರ್ಯಕರ್ತೆಯರು, ಹೊರ ರಾಜ್ಯದಿಂದ ಕೆಲಸಕ್ಕೆ ಬಂದವರು ಮಾತ್ರ ಕೆಲವು ವಾರ ತಡವರಿಸುತ್ತಾರೆ.

ಇಂಗ್ಲಿಷಿನಲ್ಲಿ ಈ ಪದದ ಅರ್ಥ ಸಂದರ್ಭದಿಂದ ತಿಳಿಯುತ್ತದೆ. ಕನ್ನಡಕ್ಕೆ ಬಂದ ಮೇಲೆ ಆ ಕೆಲಸದ ಬಹುಪಾಲನ್ನು ವಿಭಕ್ತಿಯೂ ಕ್ರಿಯಾಪದವೂ ವಹಿಸಿಕೊಂಡಿವೆ. ‘ಲೈನ್ ಹೋಯ್ತು’ ಎಂಬಲ್ಲಿ ಹೋದದ್ದು ವಿದ್ಯುತ್ತು. ‘ಲೈನಿಗೆ ಹೋದ’ ಎಂಬಲ್ಲಿ ಹೋದವನು ಮನುಷ್ಯ, ಸೇರಿದ್ದು ಮನೆ. ‘ಲೈನ್ ಬಂತು’ ಎಂದರೆ ದೀಪ ಹತ್ತಿತು. ‘ಲೈನಿಗೆ ಬಂದ’ ಎಂದರೆ ಹಟ ಬಿಟ್ಟು ದಾರಿಗೆ ಬಂದ. ಅರ್ಥ ತಿರುಗಿಸುವುದು ‘ಗೆ’ ಪ್ರತ್ಯಯ. ಈ ಪದವನ್ನು ಕಲಿಯುವವರು ಅದನ್ನು ಒಂಟಿಯಾಗಿ ಕಲಿಯದೆ, ಜೊತೆಗೆ ಬರುವ ಹೊಡೆ, ಎಳೆ, ನಿಲ್ಲು, ಹಿಡಿ, ಬಾ, ಹೋಗುಗಳೊಂದಿಗೆ ಕಲಿತರೆ ಅರ್ಧ ಕೆಲಸ ಮುಗಿದಂತೆ.

ಅಗಸೆಯ ದಾರದಿಂದ ಗುಂಡಿಯ ಹಗ್ಗಕ್ಕೆ

ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಲೀನುಮ್’ ಎಂದರೆ ಅಗಸೆ ಗಿಡ, ‘ಲೀನೆಯ’ ಎಂದರೆ ಅಗಸೆ ನಾರಿನ ದಾರ. ಬಡಗಿಗಳೂ ಕಲ್ಲುಕುಟಿಗರೂ ದಾರವನ್ನು ಬಿಗಿದು ಎಳೆದು ನೇರ ನೋಡುತ್ತಿದ್ದರು. ದಾರ ನೆಲದ ಮೇಲೆ ಬಿಟ್ಟ ಗುರುತು ಗೆರೆಯಾಯಿತು, ಗೆರೆಯ ಉದ್ದಕ್ಕೆ ನಿಂತದ್ದು ಸಾಲಾಯಿತು, ಸಾಲು ಹೋದ ಕಡೆ ದಾರಿಯಾಯಿತು. ಉಳಿದ ಅರ್ಥಗಳೆಲ್ಲ ಈ ಮೂರರಿಂದ ಕವಲೊಡೆದವು. ದರ್ಜಿಗಳು ರವಿಕೆಯ ಒಳಗೆ ಕೊಡುವ ‘ಲೈನಿಂಗ್’ ಕೂಡ ಅಗಸೆಯ ಮನೆತನದ್ದೇ. ಹಿಂದೆ ಉಡುಪಿನ ಒಳಪದರಕ್ಕೆ ಅಗಸೆ ನಾರಿನ ಲಿನನ್ ಬಟ್ಟೆ ಹಾಕುತ್ತಿದ್ದುದರಿಂದ ಆ ಹೆಸರು ಬಂತು. ಚಾರ್ಮಾಡಿ ಇಳಿಯುವ ಮೊದಲು ಲಾರಿ ಚಾಲಕರು ವಿಚಾರಿಸುವ ‘ಬ್ರೇಕ್ ಲೈನಿಂಗ್’ ಇದೇ ಒಳಪದರದ ಅರ್ಥವನ್ನು ಕಬ್ಬಿಣದ ಕೆಲಸಕ್ಕೆ ಒಯ್ದ ರೂಪ.

ಮೂಲದ ದಾರ ಇಂದಿಗೂ ಕೈಯಲ್ಲಿ ಉಳಿದಿರುವ ಕೆಲಸವೆಂದರೆ ತೋಟದ ಲೈನ್ ಹೊಡೆಯುವುದು. ಹೊಸ ಕಾಫಿ ಗಿಡ ನೆಡುವ ಮೊದಲು ಹಗ್ಗ ಎಳೆದು, ಗೂಟ ಹೊಡೆದು, ಗುಂಡಿಯ ಜಾಗ ಗುರುತಿಸುವ ಕೆಲಸ ಇದು. ಮೊದಲು ತೆಂಗಿನ ನಾರಿನ ಹಗ್ಗವಿತ್ತು, ಈಗ ನೈಲಾನ್ ಬಂದಿದೆ. ಹಗ್ಗದ ಮೇಲೆ ಗಿಡದ ಅಂತರಕ್ಕೆ ಸರಿಯಾಗಿ ಬಣ್ಣದ ಬಟ್ಟೆಯ ಚೂರು ಕಟ್ಟಿರುತ್ತಾರೆ. ಚೂರು ಬಂದಲ್ಲೆಲ್ಲ ಒಂದು ಗೂಟ.

ಮೊದಲ ಎರಡು ಲೈನುಗಳು ಒಂದಕ್ಕೊಂದು ಲಂಬವಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಅಳೆದು, ಆ ಎರಡು ತುದಿಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ ಇದೆ. ದೊಡ್ಡ ಜಾಗದಲ್ಲಿ 9, 12, 15 ಅಡಿ ಹಿಡಿದರೆ ತಪ್ಪು ಇನ್ನೂ ಕಡಿಮೆ. ಎತ್ತರದ ಅರೇಬಿಕಾ ತಳಿಗಳಿಗೆ 6 ಅಥವಾ 7 ಅಡಿ, ರೊಬಸ್ಟಾಗೆ 8ರಿಂದ 10 ಅಡಿ ಅಂತರ ರೂಢಿ. ಚೌಕಾಕಾರದಲ್ಲಿ ನೆಟ್ಟರೆ 6 ಅಡಿ ಅಂತರಕ್ಕೆ ಎಕರೆಗೆ 1,210 ಗಿಡ, 7 ಅಡಿಗೆ ಸುಮಾರು 889, 10 ಅಡಿಗೆ ಸುಮಾರು 435. ನರ್ಸರಿಯಲ್ಲಿ ಸಸಿಗೆ ಹೇಳಿಡುವ ಮೊದಲು ಈ ಲೆಕ್ಕ ಮಾಡಿಕೊಂಡರೆ ಹಣ ಉಳಿಯುತ್ತದೆ.

ಮಲೆನಾಡಿನ ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ತಾಗಿಸಿ ಅಳೆಯುವುದು ಸಾಮಾನ್ಯ ತಪ್ಪು. ಗಿಡಗಳ ನಿಜವಾದ ಅಂತರ ಮಟ್ಟವಾಗಿ ಹಿಡಿದ ಹಗ್ಗದ ಅಳತೆ. 30 ಡಿಗ್ರಿ ಇಳಿಜಾರಿನಲ್ಲಿ 6 ಅಡಿ ಅಂತರ ಬೇಕೆಂದರೆ ನೆಲದ ಮೇಲೆ ಸುಮಾರು 6.9 ಅಡಿ ನಡೆಯಬೇಕು. ಹೀಗೆ ಅಳೆಯದ ತೋಟದಲ್ಲಿ ಕೆಲವು ವರ್ಷದಲ್ಲೇ ಗಿಡಗಳ ರೆಂಬೆಗೆ ರೆಂಬೆ ಹೆಣೆದುಕೊಂಡು ಗಾಳಿ ಆಡದಂತಾಗುತ್ತದೆ. ಇಳಿಜಾರು ಹೆಚ್ಚಿರುವಲ್ಲಿ ನೇರ ಲೈನನ್ನೇ ಕೈಬಿಟ್ಟು, ಗುಡ್ಡದ ಮೈಗೆ ಅಡ್ಡಲಾಗಿ ಸಮಪಾತಳಿಯ ಲೈನ್ ಹಾಕುವುದು ಒಳ್ಳೆಯದು. ಸಾಲುಗಳು ಬಳುಕುತ್ತವೆ, ನೋಡಲು ಚೆಂದ ಕಡಿಮೆ ಎನಿಸಬಹುದು. ಆದರೆ ಕೊಟ್ಟಿಗೆಹಾರದಂಥ ಮಳೆಯ ಊರಿನಲ್ಲಿ ಮೇಲಿನ ಮಣ್ಣು ಹೇಮಾವತಿ ನದಿಗೆ ಹೋಗದೆ ಗಿಡದ ಬುಡದಲ್ಲೇ ನಿಲ್ಲಲು ಅದು ಬೇಕು. ಸಾಲುಗಳ ನಡುವಿನ ತೊಟ್ಟಿಲು ಗುಂಡಿಗಳೂ ಇದೇ ಸಮಪಾತಳಿಯಲ್ಲಿ ಬರಬೇಕು.

‘ಲೈನ್ ಹೊಡೆ’ ಎಂಬ ಮಾತಿಗೆ ಪೇಟೆಯಲ್ಲಿ ಬೇರೆಯೇ ಅರ್ಥವಿದೆ: ಹುಡುಗ ಹುಡುಗಿಯ ಹಿಂದೆ ಬಿದ್ದು ಮೆಚ್ಚಿಸಲು ಹೊರಡುವುದು. ಕಾಲೇಜು ಮಕ್ಕಳ ನಡುವೆ ಆ ಅರ್ಥವೇ ಮುಂದಿರುವುದರಿಂದ, ಹೊರಗಿನವರ ಮುಂದೆ ತೋಟದ ಕೆಲಸ ಹೇಳುವಾಗ ‘ಗುಂಡಿ ಲೈನ್’ ಎಂದು ಸೇರಿಸಿ ಹೇಳುವುದು ವಾಸಿ.

ಸಂಶೋಧನೆಯವರು ಆಡುವ ‘ಲೈನ್’ ಎಂದರೆ ತಳಿಯ ವಂಶ. ಬಾಳೆಹೊನ್ನೂರು ಬಳಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರ ಮುಂದೆ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಈ ಸೀಮೆಯ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಎಸ್.795 ಅಲ್ಲಿಂದಲೇ ಬಂದದ್ದು. ಅದರ ಒಂದು ಕಡೆಯ ಪೀಳಿಗೆ ಕೆಂಟ್ಸ್, ಇನ್ನೊಂದು ಕಡೆಯದು ಎಸ್.288, ಎಸ್.288ರ ಹಿಂದೆ ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿ ಬೆರೆತ ಎಸ್.26 ಇದೆ. ತರಬೇತಿ ಶಿಬಿರದಲ್ಲಿ ವಿಜ್ಞಾನಿಯೊಬ್ಬರು ‘ಈ ಲೈನ್ ತುಕ್ಕು ರೋಗ ತಡೆಯುತ್ತದೆ’ ಎಂದರೆ ಆ ವಂಶದ ಗಿಡಗಳ ಮಾತು, ತೋಟದಲ್ಲಿ ನೆಟ್ಟ ಸಾಲಿನ ಮಾತಲ್ಲ.

ಲೈನ್ ಮನೆ

ಕಾಫಿ ಸೀಮೆಯಲ್ಲಿ ವಿಶೇಷಣವಿಲ್ಲದೆ ಬರೀ ‘ಲೈನು’ ಎಂದರೆ ಬಹಳ ಸಲ ಇದೇ ಅರ್ಥ. ಒಂದೇ ಮಾಡಿನ ಕೆಳಗೆ, ಗೋಡೆಗೆ ಗೋಡೆ ಕೂಡಿ, ಒಂದೇ ಉದ್ದನೆಯ ಜಗಲಿಗೆ ಬಾಗಿಲು ತೆರೆದ ಮನೆಗಳ ಸಾಲು ಅದು. ಒಂದು ಕೋಣೆ, ಹಿಂದೆ ಅಡುಗೆಗೆ ಒಂದಿಷ್ಟು ಜಾಗ, ಹೊರಗೆ ನೀರಿನ ತೊಟ್ಟಿ. ಹಳೆಯವಕ್ಕೆ ಮಂಗಳೂರು ಹೆಂಚು, ಆಮೇಲಿನವಕ್ಕೆ ಶೀಟು. ಮೇಲಿನ ಲೈನು, ಕೆಳಗಿನ ಲೈನು, ಹಳೇ ಲೈನು, ಹತ್ತು ಮನೆ ಲೈನು ಎಂದು ತೋಟದೊಳಗೆ ಅವಕ್ಕೆ ಊರಿನಂತೆ ಹೆಸರುಗಳಿರುತ್ತವೆ.

ಈ ಅರ್ಥ ಬಂದದ್ದು ಸೈನ್ಯದಿಂದ. ಬ್ರಿಟಿಷರ ದಂಡು ಪ್ರದೇಶಗಳಲ್ಲಿ ಸಿಪಾಯಿಗಳ ಡೇರೆ, ಗುಡಿಸಲುಗಳನ್ನು ಸಾಲಾಗಿ ಹಾಕಿಸಿ ‘ಲೈನ್ಸ್’ ಎಂದು ಕರೆಯುತ್ತಿದ್ದರು. ಉತ್ತರ ಭಾರತದ ನಗರಗಳ ‘ಸಿವಿಲ್ ಲೈನ್ಸ್’, ಪೊಲೀಸರ ವಸತಿಗೆ ಹೇಳುವ ‘ಪೊಲೀಸ್ ಲೈನ್’ ಅದೇ ಬಳಕೆಯ ಉಳಿಕೆಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಮಂಜರಾಬಾದ್, ಕೊಡಗಿನ ಗುಡ್ಡಗಳಲ್ಲಿ ತೋಟ ಎಬ್ಬಿಸಿದ ಯುರೋಪಿಯನ್ ಪ್ಲಾಂಟರುಗಳು ದುಡಿಯುವವರ ವಸತಿಗೂ ಅದೇ ನಕ್ಷೆ, ಅದೇ ಹೆಸರು ಇಟ್ಟರು: ಕೂಲಿ ಲೈನು. ನಕ್ಷೆಯ ಉದ್ದೇಶ ಮೇಲ್ವಿಚಾರಣೆಗೆ ಸುಲಭವಾಗಬೇಕೆಂಬುದು. ಒಳಗಿರುವವರಿಗೆ ಏನು ಬೇಕೆಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ. ಘಟ್ಟದ ಕೆಳಗಿನ ತುಳುನಾಡಿನಿಂದ, ತಮಿಳು ಸೀಮೆಯಿಂದ ಬಂದವರು ಈ ಸಾಲುಗಳಲ್ಲಿ ತಲೆಮಾರುಗಳನ್ನು ಕಳೆದರು. ಈಗ ಅಸ್ಸಾಂ, ಜಾರ್ಖಂಡ್‌ನವರೂ ಇದ್ದಾರೆ. ಪಕ್ಕದ ಕೊಡಗಿನಲ್ಲೂ ‘ಲೈನ್ ಮನೆ’ ಎಂದೇ ಹೇಳುತ್ತಾರೆ. ವಯನಾಡಿನಲ್ಲಿ ಇಂಥ ವಸತಿಗೆ ‘ಪಾಡಿ’ ಎನ್ನುತ್ತಾರೆ, ಮುನ್ನಾರಿನ ಚಹಾ ತೋಟಗಳಲ್ಲಿ ‘ಲಯಂ’. ಈ ‘ಲಯಂ’ ಕೂಡ ‘ಲೈನ್’ ಪದವೇ ನಾಲಿಗೆಯಲ್ಲಿ ತಿರುಗಿ ಆದದ್ದು ಎಂಬ ಮಾತಿದೆ.

ಹಕ್ಕಿನ ದೃಷ್ಟಿಯಿಂದ ಈ ಅರ್ಥ ತಿಳಿದಿರಬೇಕಾದದ್ದು. 1951ರ ತೋಟ ಕಾರ್ಮಿಕರ ಕಾಯ್ದೆ ತೋಟದಲ್ಲಿ ವಾಸಿಸುವ ಕೆಲಸಗಾರರಿಗೂ ಅವರ ಕುಟುಂಬಕ್ಕೂ ವಸತಿ ಒದಗಿಸಿ, ಅದನ್ನು ಸುಸ್ಥಿತಿಯಲ್ಲಿ ಇಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು. ಹೊರಗೆ ವಾಸಿಸುತ್ತ ಆರು ತಿಂಗಳು ಸತತವಾಗಿ ದುಡಿದವರು ತೋಟದಲ್ಲಿ ಇರಲು ಬಯಸಿದರೆ ಅವರಿಗೂ ವಸತಿ ಕೊಡಬೇಕೆಂದಿತು. 1981ರ ತಿದ್ದುಪಡಿಯ ಬಳಿಕ ಅದು 5 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣವಿದ್ದು 15 ಅಥವಾ ಹೆಚ್ಚಿನ ಜನ ದುಡಿಯುವ ತೋಟಗಳಿಗೆ ಅನ್ವಯಿಸಿತು. ಮಾಲೀಕರು ಕೊಟ್ಟ ಮನೆ ಕುಸಿದು ಜೀವಹಾನಿ ಅಥವಾ ಗಾಯವಾದರೆ ಪರಿಹಾರ ಕೊಡುವ ಹೊಣೆಯೂ ಅದೇ ತಿದ್ದುಪಡಿಯಲ್ಲಿ ಸೇರಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಹೀಗಾಗಿ ಜೂನ್‌ನ ಮಳೆಗೆ ಮುಂಚೆ ಲೈನಿನ ಹಿಂಗೋಡೆ, ಮಾಡಿನ ಪಕಾಸು, ಹಿಂದಿನ ಧರೆ ನೋಡಿಸುವುದು ಮಾಲೀಕರ ದಾಕ್ಷಿಣ್ಯಕ್ಕೆ ಬಿಟ್ಟ ವಿಷಯವಲ್ಲ. ಧರೆಯ ಮೇಲ್ಗಡೆ ಬಸಿಗಾಲುವೆ ಬಿಡಿಸಿ ನೀರು ಬೇರೆ ಕಡೆ ಹರಿಯುವಂತೆ ಮಾಡಿದರೆ ಅರ್ಧ ಅಪಾಯ ಕಳೆಯುತ್ತದೆ.

‘ಲೈನಿನವರು’ ಎಂಬ ಮಾತಿನ ಬಗ್ಗೆ ಎಚ್ಚರ ಬೇಕು. ಮನೆಯ ಆಕಾರದಿಂದ ಮನುಷ್ಯರನ್ನು ಗುರುತಿಸುವ ಈ ಪದದಲ್ಲಿ ತಾರತಮ್ಯದ ದನಿ ಸೇರಿಕೊಂಡಿದೆ. ಶಾಲೆಯಲ್ಲಿ ಮಕ್ಕಳನ್ನು ‘ಲೈನ್ ಮಕ್ಕಳು’ ಎಂದು ಕರೆಯುವ ರೂಢಿ ಬಿಡಬೇಕಾದದ್ದು. ಬರಹದಲ್ಲಿ ತೋಟ ಕಾರ್ಮಿಕರು, ತೋಟದಲ್ಲಿ ವಾಸಿಸುವ ಕುಟುಂಬಗಳು ಎಂದರೆ ಅರ್ಥವೂ ಸರಿ, ಗೌರವವೂ ಉಳಿಯುತ್ತದೆ.

ಲೈನ್ ಮನೆಗಳಲ್ಲಿ ಇನ್ನೊಂದು ಲೈನು ಅಡಗಿ ಕುಳಿತಿದೆ. ಪಡಿತರ ಅಂಗಡಿಗೆ ಒಯ್ಯುವ ಬಿಪಿಎಲ್ ಕಾರ್ಡಿನ ಕೊನೆಯ ಅಕ್ಷರ ‘ಎಲ್’ ಇದೇ ಲೈನು, ಅಂದರೆ ಬಡತನ ರೇಖೆ. ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ, ಆದರೆ ಈ ಪದದ ಬಳಕೆಗಳಲ್ಲಿ ಹೆಚ್ಚು ಜನರ ಊಟವನ್ನು ತೀರ್ಮಾನಿಸುವುದು ಅದೇ.

ಕರೆಂಟಿನ ಲೈನು

ತಪ್ಪಾಗಿ ಕೇಳಿಸಿಕೊಂಡರೆ ಜೀವ ಹೋಗುವ ಅರ್ಥ ಇದೊಂದು. ವಿದ್ಯುತ್ತಿನ ವಿಷಯದಲ್ಲಿ ‘ಲೈನು’ ಎಂದರೆ ಮೂರು ಬೇರೆ ಬೇರೆ ಸಂಗತಿ: ಕಂಬದಿಂದ ಕಂಬಕ್ಕೆ ಹೋದ ತಂತಿ, ತಂತಿಯಲ್ಲಿ ಹರಿಯುವ ಕರೆಂಟು, ತ್ರೀ ಫೇಸ್‌ನಲ್ಲಿ ಒಂದೊಂದು ಫೇಸು. ‘ಲೈನ್ ಹೋಗಿದೆ’ ಎಂಬ ಒಂದೇ ವಾಕ್ಯ ತಂತಿ ಕಡಿದು ಬಿದ್ದಿದೆ ಎಂದೂ ಆಗಬಹುದು, ಕರೆಂಟು ನಿಂತಿದೆ ಎಂದೂ ಆಗಬಹುದು, ಒಂದು ಫೇಸ್ ಮಾತ್ರ ಇಲ್ಲ ಎಂದೂ ಆಗಬಹುದು. ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ.

ಫೇಸ್ ಹೋದದ್ದಾದರೆ ಪಂಪ್‌ಸೆಟ್ಟನ್ನು ಕೂಡಲೇ ನಿಲ್ಲಿಸಬೇಕು. ಎರಡೇ ಲೈನಿನಲ್ಲಿ ಓಡಿದ ಮೂರು ಫೇಸ್‌ನ ಮೋಟಾರಿನ ವೈಂಡಿಂಗ್ ಸುಟ್ಟುಹೋಗುತ್ತದೆ. ತಂತಿ ಬಿದ್ದದ್ದಾದರೆ ಅದರಲ್ಲಿ ಕರೆಂಟು ಇದೆ ಎಂದೇ ತಿಳಿದು ಕನಿಷ್ಠ 10 ಮೀಟರ್ ದೂರ ನಿಂತು, ಜನ ಜಾನುವಾರು ಹತ್ತಿರ ಹೋಗದಂತೆ ತಡೆದು ವಿದ್ಯುತ್ ಕಂಪನಿಯಾದ ಮೆಸ್ಕಾಂಗೆ ತಿಳಿಸಬೇಕು. ಸಹಾಯವಾಣಿ 1912. ಒದ್ದೆ ನೆಲದಲ್ಲಿ ತಂತಿಯ ಸುತ್ತ ಕರೆಂಟು ಹರಡಿರುತ್ತದೆ. ಈಗಾಗಲೇ ಹತ್ತಿರ ಇರುವವರು ದೊಡ್ಡ ಹೆಜ್ಜೆ ಇಡದೆ, ಪಾದಗಳನ್ನು ಜೊತೆಯಾಗಿಟ್ಟು ನೆಲಕ್ಕೆ ಉಜ್ಜುತ್ತ ದೂರ ಸರಿಯಬೇಕು. ದೂರು ಕೊಡುವಾಗ ‘ಲೈನ್ ಹೋಗಿದೆ’ ಎಂದಷ್ಟೇ ಹೇಳದೆ, ‘ತಂತಿ ಬಿದ್ದಿದೆ’, ‘ಕರೆಂಟ್ ಇಲ್ಲ’, ‘ಒಂದು ಫೇಸ್ ಇಲ್ಲ’ ಎಂದು ಬಿಡಿಸಿ ಹೇಳಿದರೆ ಬರುವವರು ಸರಿಯಾದ ಸಾಮಾನು ಹಿಡಿದು ಬರುತ್ತಾರೆ.

ಕಾಫಿ ತೋಟದೊಳಗೆ ಈ ಅಪಾಯ ಹೆಚ್ಚಲು ಕಾರಣ ನೆರಳಿನ ಮರಗಳು. ಸಿಲ್ವರ್ ಓಕ್ ನೇರ ಮೇಲಕ್ಕೆ ಬೆಳೆದು ತಂತಿಯನ್ನು ಮುಟ್ಟುತ್ತದೆ, ಅದರ ಮೈಮೇಲೆ ಮೆಣಸಿನ ಬಳ್ಳಿ. ಮೆಣಸು ಕೊಯ್ಲಿಗೂ ನೆರಳಿನ ಮರದ ಕೊಂಬೆ ಸವರುವ ಮರಗಸಿಗೂ ಹೊತ್ತೊಯ್ಯುವ ಉದ್ದನೆಯ ಅಲ್ಯೂಮಿನಿಯಂ ಏಣಿ ಮರದಿಂದ ಮರಕ್ಕೆ ಎತ್ತಿಡುವಾಗ 11 ಕೆ.ವಿ. ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಏಣಿಯನ್ನು ನಿಲ್ಲಿಸಿಕೊಂಡು ನಡೆಯದೆ, ಮಲಗಿಸಿ ಒಯ್ಯುವುದು ಮೊದಲ ನಿಯಮ. ತಂತಿ ಹಾದುಹೋಗುವ ಸಾಲಿನ ಎರಡೂ ಬದಿಯ ಮರಗಳಿಗೆ ಬಣ್ಣ ಬಳಿದು ಗುರುತಿಡುವುದು, ಆ ಮರಗಳ ಕೆಲಸವನ್ನು ಕರೆಂಟು ತೆಗೆಸಿದ ದಿನವೇ ಮಾಡುವುದು ಎರಡನೆಯದು. ಬಿದಿರು ಏಣಿ ಸುರಕ್ಷಿತ ಎಂಬ ನಂಬಿಕೆ ಅರ್ಧ ಸತ್ಯ. ಇಬ್ಬನಿಯಲ್ಲಿ ನೆನೆದ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ. ಹೊರ ರಾಜ್ಯದಿಂದ ಬಂದ ಹೊಸಬರಿಗೆ ‘ಮೇಲೆ ಲೈನ್ ಇದೆ’ ಎಂದು ಕೂಗಿದರೆ ಸಾಲದು. ಬೆರಳು ತೋರಿಸಿ ‘ಕರೆಂಟ್’ ಎನ್ನಬೇಕು. ಆ ಪದ ಹಿಂದಿ, ಬಂಗಾಳಿ ಆಡುವವರಿಗೂ ಗೊತ್ತು.

‘ಲೈನ್ ಕ್ಲಿಯರ್’ ಎಂಬ ಜೋಡಿಪದವನ್ನು ಬೇರೆಯಾಗಿ ನೋಡಬೇಕು. ವಿದ್ಯುತ್ ಇಲಾಖೆಯಲ್ಲಿ ‘ಎಲ್‌ಸಿ ತಗೊಂಡಿದ್ದಾರೆ’ ಎಂದರೆ ತಂತಿಯ ಕರೆಂಟು ನಿಲ್ಲಿಸಿ, ಅದರ ಮೇಲೆ ಕೆಲಸ ಮಾಡಲು ಲಿಖಿತ ಒಪ್ಪಿಗೆ ಪಡೆದಿದ್ದಾರೆ. ರೈಲ್ವೆಯಲ್ಲಿ ‘ಲೈನ್ ಕ್ಲಿಯರ್’ ಎಂದರೆ ಮುಂದಿನ ನಿಲ್ದಾಣದವರೆಗೆ ಹಳಿ ಖಾಲಿ ಇದೆ, ಗಾಡಿ ಬಿಡಬಹುದು. ಒಂದು ಕಡೆ ಹರಿವು ನಿಂತಾಗ ಲೈನ್ ಕ್ಲಿಯರ್, ಇನ್ನೊಂದು ಕಡೆ ಹರಿವಿಗೆ ಅನುಮತಿ ಸಿಕ್ಕಾಗ. ಇಲ್ಲಿನ ತಾಲ್ಲೂಕು ಕೇಂದ್ರವಾದ ಮೂಡಿಗೆರೆಗೆ ರೈಲು ಇಲ್ಲವಾದರೂ, 2013ರಲ್ಲಿ ಕಡೂರು–ಚಿಕ್ಕಮಗಳೂರು ಲೈನ್ ಶುರುವಾದ ಮೇಲೆ ಎರಡನೆಯ ಬಳಕೆಯೂ ಜಿಲ್ಲೆಯ ಕಿವಿಗೆ ಹತ್ತಿರವಾಗಿದೆ. ತೋಟದಲ್ಲಿ ಮರ ಹತ್ತುವವರಿಗೆ ‘ಲೈನ್ ಕ್ಲಿಯರ್ ಇದೆ’ ಎಂದು ಬೇರೆಯವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಎಂದೂ ನಂಬಬಾರದು. ಇಲಾಖೆಯ ಸಿಬ್ಬಂದಿ ಸ್ಥಳದಲ್ಲಿದ್ದು ಹೇಳಿದ ಮೇಲೆ ಮಾತ್ರ ಕೆಲಸ.

ತಂತಿಯ ಮೇಲೆ ದುಡಿಯುವ ‘ಲೈನ್‌ಮ್ಯಾನ್’ಗೆ ಇಲಾಖೆಯ ಕನ್ನಡದಲ್ಲಿ ‘ಮಾರ್ಗದಾಳು’ ಎಂಬ ಸೊಗಸಾದ ಹೆಸರಿದೆ, ಈಚಿನ ನೇಮಕಾತಿಗಳಲ್ಲಿ ‘ಪವರ್‌ಮ್ಯಾನ್’. ಜನರ ಬಾಯಲ್ಲಿ ಉಳಿದದ್ದು ಲೈನ್‌ಮ್ಯಾನ್. ಆಷಾಢದ ಗಾಳಿಯಲ್ಲಿ ಮರ ಬಿದ್ದು ವಾರಗಟ್ಟಲೆ ಕತ್ತಲಾಗುವ ಊರುಗಳಲ್ಲಿ ಈ ಹೆಸರಿಗಿರುವ ಬೆಲೆ ಬಯಲುಸೀಮೆಯವರಿಗೆ ಸುಲಭವಾಗಿ ಅಂದಾಜಾಗದು.

ನೀರು, ರಸ್ತೆ, ಕಾಡು

ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ತೋಟದಲ್ಲಿ ‘ಲೈನು’ ಎಂದರೆ ನೀರಿನ ಪೈಪು. ಹೂಮಳೆ ಬಾರದಿದ್ದರೆ ಹೂವಿಗೆ ಒಂದರಿಂದ ಒಂದೂವರೆ ಇಂಚು ನೀರು ಕೊಡಬೇಕು. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. ಒಂದು ಜಾಗದಲ್ಲಿ ಲೆಕ್ಕದ ಹೊತ್ತು ಸ್ಪ್ರಿಂಕ್ಲರ್ ತಿರುಗಿದ ಮೇಲೆ ಪೈಪುಗಳನ್ನು ಬಿಚ್ಚಿ ಮುಂದಿನ ಜಾಗಕ್ಕೆ ಹೊತ್ತು ಜೋಡಿಸುವುದೇ ಲೈನ್ ಬದಲಾಯಿಸುವುದು. ಇಲ್ಲಿಯೂ ಅಲ್ಯೂಮಿನಿಯಂ ಪೈಪು ಎತ್ತಿ ನಿಲ್ಲಿಸಿದರೆ ಮೇಲಿನ ಕರೆಂಟಿನ ಲೈನಿಗೆ ತಗಲುತ್ತದೆ. ಒಂದು ಲೈನು ಇನ್ನೊಂದು ಲೈನನ್ನು ಮುಟ್ಟಬಾರದ ಜಾಗ ಇದು. ಗುಡ್ಡದ ಅಬ್ಬಿಯಿಂದ ಪಂಪಿಲ್ಲದೆ ಮನೆಗೆ ನೀರು ತರುವ ಪೈಪಿಗೂ ಲೈನು ಎಂದೇ ಹೆಸರು. ಬರಹದಲ್ಲಿ ಎರಡಕ್ಕೂ ‘ಕೊಳವೆ ಮಾರ್ಗ’ ಚೆನ್ನಾಗಿ ಹೊಂದುತ್ತದೆ. ಕುದುರೆಮುಖದ ಗಣಿಯಿಂದ ಅದಿರಿನ ಕೆಸರನ್ನು ಮಂಗಳೂರಿಗೆ ಸಾಗಿಸಿದ, ಮಂಗಳೂರಿನಿಂದ ಘಟ್ಟ ಹತ್ತಿಸಿ ಬೆಂಗಳೂರಿಗೆ ತೈಲ ಸಾಗಿಸುವ ದೊಡ್ಡ ಪೈಪ್‌ಲೈನುಗಳೂ ಇದೇ ಜಾತಿಯವು.

ರಸ್ತೆಯಲ್ಲಿ ‘ಲೈನ್ ಬಸ್’ ಎಂದರೆ ನಿಗದಿತ ದಾರಿಯಲ್ಲಿ ದಿನವೂ ಓಡುವ ಬಸ್ಸು. ಮದುವೆಗೋ ಪ್ರವಾಸಕ್ಕೋ ಗೊತ್ತು ಮಾಡಿದ್ದಲ್ಲ. ಕೊಟ್ಟಿಗೆಹಾರ ಇಂಥ ಲೈನುಗಳ ಕೂಡುದಾರಿ. ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಚಾರ್ಮಾಡಿ ಇಳಿದು ಉಜಿರೆಯ ಕಡೆ ಹೋಗುತ್ತದೆ, ಇನ್ನೊಂದು ರಸ್ತೆ ಬಾಳೂರು ದಾಟಿ ಕಳಸ, ಹೊರನಾಡಿಗೆ. ‘ಧರ್ಮಸ್ಥಳ ಲೈನ್ ಬಸ್ ಬಂತಾ’, ‘ಕಳಸ ಲೈನಲ್ಲಿ ಗಾಡಿ ಕಡಿಮೆ’ ಎಂಬ ಮಾತುಗಳಲ್ಲಿ ಲೈನು ಎಂದರೆ ದಾರಿ. ಅಂಗಡಿಗಳಿಗೆ ವಾರಕ್ಕೊಮ್ಮೆ ಬಿಸ್ಕತ್ತು, ಸೋಪು ಹಾಕುವ ವ್ಯಾನಿನವರು ‘ಇವತ್ತು ಲೈನಿಗೆ ಹೋಗಬೇಕು’ ಎನ್ನುವುದೂ ಇದೇ ಅರ್ಥದಲ್ಲಿ. ಅವರು ಹೋಗುವುದು ಸಾಲುಮನೆಗಲ್ಲ.

ಘಾಟಿ ರಸ್ತೆಯ ಮೇಲೆ ಬಳಿದ ಗೆರೆಯೂ ಲೈನೇ. ನಡುವೆ ತುಂಡು ತುಂಡಾಗಿ ಎಳೆದ ಗೆರೆ ಇದ್ದರೆ, ಎದುರು ಖಾಲಿ ಇರುವುದನ್ನು ನೋಡಿಕೊಂಡು ಮುಂದಿನ ವಾಹನ ಹಿಂದಿಕ್ಕಬಹುದು. ಗೆರೆ ಅಖಂಡವಾಗಿದ್ದರೆ ದಾಟಬಾರದು. ಮಂಜು ಕವಿದಾಗ ಚಾಲಕರಿಗೆ ಕಾಣುವುದು ಈ ಗೆರೆಯೊಂದೇ.

ಕಾಡಿನಂಚಿನಲ್ಲಿ ಅರಣ್ಯ ಇಲಾಖೆ ಬೇಸಿಗೆಗೆ ಮೊದಲು ಹುಲ್ಲು ಸವರಿ ತೆರವು ಮಾಡುವ ಪಟ್ಟಿ ‘ಫೈರ್ ಲೈನ್’, ಬೆಂಕಿ ರೇಖೆ. ಕುದುರೆಮುಖದ ಹುಲ್ಲುಗಾವಲುಗಳಿಗೆ ಕಿಚ್ಚು ಹರಡದಂತೆ ತಡೆಯುವುದು ಈ ಬೋಳು ಪಟ್ಟಿ. ಅದರ ಮೇಲೆ ಸೌದೆ, ತರಗು ರಾಶಿ ಹಾಕಿದರೆ ಪಟ್ಟಿಯ ಉದ್ದೇಶವೇ ಕೆಡುತ್ತದೆ. ಜಮೀನಿನ ಗಡಿಗೆ ‘ಸರ್ವೆ ಲೈನ್’ ಎನ್ನುತ್ತಾರೆ. ತಕರಾರು ಬಂದಾಗ ಅರ್ಜಿಯಲ್ಲಿ ಆ ಪದ ಬರೆಯದೆ ‘ಹದ್ದುಬಸ್ತು’ ಎಂದೇ ಬರೆಯಬೇಕು. ಕಂದಾಯ ಮತ್ತು ಭೂಮಾಪನ ಇಲಾಖೆಯಲ್ಲಿ ಕೆಲಸವಾಗುವುದು ಆ ಹೆಸರಿನಲ್ಲಿ.

ಕಚೇರಿ, ಫೋನು, ಶಾಲೆ

ಗ್ರಾಮ ಪಂಚಾಯಿತಿ ಸಭೆಯಲ್ಲಿ ಅಧಿಕಾರಿಗಳು ‘ಲೈನ್ ಡಿಪಾರ್ಟ್‌ಮೆಂಟ್’ ಎಂದರೆ ಮೆಸ್ಕಾಂ ಎಂದು ತಿಳಿಯಬಾರದು. ಕೃಷಿ, ತೋಟಗಾರಿಕೆ, ಆರೋಗ್ಯ, ಶಿಕ್ಷಣದಂಥ, ಕೆಲಸವನ್ನು ನೇರವಾಗಿ ನಡೆಸುವ ಇಲಾಖೆಗಳೆಲ್ಲ ಅದರಲ್ಲಿ ಬರುತ್ತವೆ. ‘ಸಂಬಂಧಪಟ್ಟ ಇಲಾಖೆಗಳು’ ಎಂದರೆ ಸಭೆಗೆ ಬಂದವರೆಲ್ಲರಿಗೂ ತಿಳಿಯುತ್ತದೆ.

ಫೋನಿನಲ್ಲಿ ತಂತಿ ಹೋಗಿ ಮೊಬೈಲ್ ಬಂದರೂ ‘ಲೈನ್ ಸಿಗ್ತಿಲ್ಲ’, ‘ಲೈನ್ ಕಟ್ ಆಯ್ತು’ ಉಳಿದಿವೆ. ದೇವಸ್ಥಾನದಲ್ಲಿ, ಆಸ್ಪತ್ರೆಯಲ್ಲಿ ‘ಲೈನಲ್ಲಿ ನಿಲ್ಲಿ’ ಎಂದರೆ ಸರತಿ ಸಾಲು. ಬ್ರಿಟಿಷರು ಇದಕ್ಕೆ ‘ಕ್ಯೂ’ ಎನ್ನುತ್ತಾರೆ, ಅಮೆರಿಕನ್ನರು ‘ಲೈನ್’. ಹೊರನಾಡಿನ ಅನ್ನಪೂರ್ಣೇಶ್ವರಿಯ ಊಟದ ಸಾಲಿನಲ್ಲಿ ಎರಡೂ ಕೇಳುತ್ತವೆ. ಆಸ್ಪತ್ರೆಯ ವಾರ್ಡಿನೊಳಗೆ ನರ್ಸ್ ‘ಲೈನ್ ಹಾಕಬೇಕು’ ಎಂದರೆ ಕೈಯ ರಕ್ತನಾಳಕ್ಕೆ ಡ್ರಿಪ್ಪಿನ ಸೂಜಿ ಸೇರಿಸಬೇಕು ಎಂದರ್ಥ, ಹೆದರುವಂಥದ್ದೇನಲ್ಲ. ಶಾಲೆಯಲ್ಲಿ ಫೋರ್ ಲೈನ್ ಪುಸ್ತಕ ಎಂದರೆ ಇಂಗ್ಲಿಷ್ ಕಾಪಿ ಬರೆಯುವ ನಾಲ್ಕು ಗೆರೆಯ ಪುಸ್ತಕ. ‘ಅವನದು ಬೇರೆ ಲೈನು’ ಎಂದರೆ ಕಸುಬು ಬೇರೆ.

ಜೋಡಿಪದಗಳಲ್ಲಿ ಕನ್ನಡ ತನ್ನ ವಿವೇಕವನ್ನು ಚೆನ್ನಾಗಿ ತೋರಿದೆ. ಇಂಗ್ಲಿಷಿನಲ್ಲಿ ಒಂದೇ ‘ಲೈನ್’ ಇರುವಲ್ಲೆಲ್ಲ ಕನ್ನಡ ಬೇರೆ ಬೇರೆ ಪದ ಹುಡುಕಿಕೊಂಡಿದೆ: ಹೆಲ್ಪ್‌ಲೈನ್‌ಗೆ ಸಹಾಯವಾಣಿ, ಗೈಡ್‌ಲೈನ್‌ಗೆ ಮಾರ್ಗಸೂಚಿ, ಹೆಡ್‌ಲೈನ್‌ಗೆ ತಲೆಬರಹ, ಡೆಡ್‌ಲೈನ್‌ಗೆ ಗಡುವು. ಈ ಕೊನೆಯದು ಮೂಲದಲ್ಲಿ ಭೀಕರ ಪದ. 1860ರ ದಶಕದ ಅಮೆರಿಕದ ಅಂತರ್ಯುದ್ಧದ ಸೆರೆಮನೆಗಳಲ್ಲಿ ಕೈದಿ ದಾಟಿದರೆ ಗುಂಡು ಹಾರಿಸುತ್ತಿದ್ದ ಗೆರೆಯ ಹೆಸರು ಅದು. ‘ಗಡುವು’ ಆ ರಕ್ತದ ಕಲೆ ಇಲ್ಲದೆ ಅದೇ ಕೆಲಸ ಮಾಡುತ್ತದೆ. ‘ಆನ್‌ಲೈನ್’ಗೆ ಮಾತ್ರ ಜನ ಒಪ್ಪಿದ ಪದ ಹುಟ್ಟಿಲ್ಲ. ಪಹಣಿ, ಅರ್ಜಿ, ಹಣ ಎಲ್ಲವೂ ಆನ್‌ಲೈನ್. ಅದನ್ನು ಹಾಗೆಯೇ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಬರೆಯುವಾಗ

ಒಂಟಿಯಾಗಿ ‘ಲೈನ್’, ಮಾತಿನ ಧಾಟಿಗೆ ‘ಲೈನು’ ಎರಡೂ ಸರಿ. ಪ್ರತ್ಯಯ ಸೇರಿದಾಗ ಲೈನಿಗೆ, ಲೈನಲ್ಲಿ, ಲೈನಿನ ಎಂಬ ರೂಪಗಳು ನಾಲಿಗೆಗೆ ಸಹಜ. ದೂರು, ಅರ್ಜಿ, ಪತ್ರಿಕಾ ವರದಿಗಳಲ್ಲಿ ಬರೀ ‘ಲೈನ್’ ಎಂದು ಬಿಡದೆ ವಿದ್ಯುತ್ ತಂತಿ, ಕೊಳವೆ ಮಾರ್ಗ, ಕಾರ್ಮಿಕರ ಸಾಲುಮನೆ, ಗಡಿ ಎಂದು ಬರೆದರೆ ಓದುವವರು ಊಹಿಸಬೇಕಾಗುವುದಿಲ್ಲ.

ತೋಟದ ಸಾಲುಮನೆಯಲ್ಲಿ ಇರುವವರಿಗೆ ಎರಡು ಲೈನುಗಳು ಎದುರಾಗುವ ಜಾಗವೆಂದರೆ ಅರ್ಜಿ ನಮೂನೆಯ ‘ಅಡ್ರೆಸ್ ಲೈನ್ 1, ಅಡ್ರೆಸ್ ಲೈನ್ 2’. ಅಲ್ಲಿ ಲೈನ್ ಎಂದರೆ ಬರೆಯುವ ಸಾಲು ಅಷ್ಟೇ. ಮೊದಲ ಸಾಲಿನಲ್ಲಿ ಮನೆ ಸಂಖ್ಯೆ ಇದ್ದರೆ ಅದು, ಲೈನಿನ ಹೆಸರು, ಎಸ್ಟೇಟಿನ ಹೆಸರು. ಎರಡನೆಯದರಲ್ಲಿ ಗ್ರಾಮ, ಅಂಚೆ, ಹೋಬಳಿ. ತಾಲ್ಲೂಕು, ಜಿಲ್ಲೆ, ಪಿನ್ ಸಂಖ್ಯೆ ಅವಕ್ಕಾಗಿಯೇ ಬಿಟ್ಟ ಜಾಗದಲ್ಲಿ. ‘ಲೈನ್ ಮನೆ’ ಎಂದಷ್ಟೇ ಬರೆದರೆ ಒಂದೇ ಅಂಚೆ ವ್ಯಾಪ್ತಿಯಲ್ಲಿ ಅಂಥ ಮನೆಗಳು ಹಲವು ಇರುತ್ತವೆ. ಕಾಗದ ವಾಪಸು ಹೋಗುತ್ತದೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ ಮೂರರಲ್ಲೂ ಲೈನಿನ ಹೆಸರು, ಎಸ್ಟೇಟಿನ ಹೆಸರು ಒಂದೇ ಕಾಗುಣಿತದಲ್ಲಿ ಇರುವಂತೆ ನೋಡಿಕೊಳ್ಳಬೇಕು.